ಕರಿ ಹುಂಜಕ್ಕೆ ಜೊತೆಯಾದ ಪಟ್ಟೆ ಹೇಂಟೆಯ ಹೆಣ್ಣುಮರಿಗಳಿಗೆ ಪಟ್ಟೆ ಏಕೆ ಬರುವುದಿಲ್ಲ? ಟೆಸ್ಟ್ ಟ್ಯೂಬ್ ಮಗುವಿನ ಚಿಕಿತ್ಸೆಗೂ ಇದಕ್ಕೂ ನಂಟಿದೆಯೇ?

ತಾಯಿಯ ಪಟ್ಟೆಯ ಜೀನ್ ಗಂಡುಮರಿಗಳಿಗಷ್ಟೇ ಹೋಗುತ್ತದೆ, ಅದಕ್ಕೇ. ಆ ಜೀನ್ ಇರುವುದು ಲಿಂಗವನ್ನು ನಿರ್ಧರಿಸುವ ಜೆಡ್ ವರ್ಣತಂತುವಿನಲ್ಲಿ. ಹುಂಜಕ್ಕೆ ಎರಡು ಜೆಡ್; ಹೇಂಟೆಗೆ ಒಂದು ಜೆಡ್, ಒಂದು ಡಬ್ಲ್ಯು. ಹೇಂಟೆ ತನ್ನಲ್ಲಿರುವ ಒಂದೇ ಜೆಡ್ಡನ್ನು ಗಂಡುಮರಿಗೆ ಕೊಡುತ್ತದೆ, ಹೆಣ್ಣುಮರಿಗೆ ಡಬ್ಲ್ಯು. ಬದಿಯಡ್ಕದ ನಮ್ಮ ಹಿತ್ತಿಲಲ್ಲಿ ಪಟ್ಟೆ ಹೇಂಟೆಗೆ ಅಪ್ಪಟ ಕರಿ ಹುಂಜ ಜೊತೆಯಾದರೆ, ಮೊಟ್ಟೆಯೊಡೆದ ದಿನವೇ ಬುಟ್ಟಿಯಲ್ಲಿ ಗುರುತು ಸಿಗುತ್ತದೆ: ಕರಿ ತುಪ್ಪುಳದ ನೆತ್ತಿಯ ಮೇಲೆ ಬಿಳಿ ಚುಕ್ಕೆ ಇದ್ದದ್ದು ಹುಂಜ, ಇಲ್ಲದ್ದು ಹೇಂಟೆ. ಎಷ್ಟು ಸಲ ನೋಡಿದರೂ ನನಗೆ ಬೆರಗೇ.

ನಂಟಿದೆ, ಆದರೆ ಮನುಷ್ಯರಲ್ಲಿ ತಿರುಗುಮುರುಗು. ಹೆಣ್ಣಿಗೆ ಎರಡು ಎಕ್ಸ್ ವರ್ಣತಂತು; ಗಂಡಿಗೆ ಒಂದೇ, ಅದೂ ತಾಯಿಯದು. ರಕ್ತ ಸರಿಯಾಗಿ ಹೆಪ್ಪುಗಟ್ಟದ ಹಿಮೋಫಿಲಿಯಾದ ಜೀನ್ ತಾಯಿಯ ಒಂದು ಎಕ್ಸ್‌ನಲ್ಲಿದ್ದರೆ, ಪ್ರತಿ ಗಂಡುಮಗುವಿಗೂ ಕಾಯಿಲೆ ಬರುವ ಸಾಧ್ಯತೆ ಅರ್ಧಕ್ಕರ್ಧ. ಇಂಥ ಎಕ್ಸ್ ಕಾಯಿಲೆಗಳ ಭಯವಿದ್ದ ದಂಪತಿಗಳಿಗಾಗಿ 1990ರಲ್ಲಿ ಲಂಡನ್ನಿನ ವೈದ್ಯರು, ದೇಹದ ಹೊರಗೆ ಬೆಳೆಸಿದ ಭ್ರೂಣದಿಂದ ಒಂದು ಕೋಶ ತೆಗೆದು ಪರೀಕ್ಷಿಸಿ, ಹೆಣ್ಣು ಭ್ರೂಣಗಳನ್ನಷ್ಟೇ ಗರ್ಭಕ್ಕೆ ಸೇರಿಸಿದರು. ನಮ್ಮಲ್ಲಿ ಲಿಂಗ ನೋಡಿ ಆರಿಸುವುದು ಅಪರಾಧ. ಇಂಥ ಕಾಯಿಲೆಯನ್ನು ತಡೆಯುವುದಕ್ಕೆ ಮಾತ್ರ ಕಾನೂನು ಬಿಡುತ್ತದೆ.