ಪಂಪ್ ಇರುವ ರೋಲರ್‌ನಿಂದ ಮನೆಯೊಳಗೆ ಬಣ್ಣ: ಡೊಂಬಿವಲಿಯ ಪ್ರಶ್ನೆಗೆ ಉತ್ತರ

ಡೊಂಬಿವಲಿಯಲ್ಲಿ ಎರಡು ಬೆಡ್‌ರೂಮಿನ ಫ್ಲ್ಯಾಟ್, ಅಮೆರಿಕದಿಂದ ತಂದ ಪವರ್ ರೋಲರ್ (ಬಕೆಟ್‌ನ ಬಣ್ಣವನ್ನು ಪಂಪಿನಿಂದ ಎಳೆದು ಪೈಪಿನ ಮೂಲಕ ರೋಲರ್‌ಗೆ ಕಳಿಸುವ ಮೆಷಿನ್) ಕೈಯಲ್ಲಿದೆ, ಗಣೇಶ ಚೌತಿಯೊಳಗೆ ನಾವೇ ಬಣ್ಣ ಹೊಡೆಯಬಹುದಾ, ಎಷ್ಟು ಬಣ್ಣ ಬೇಕು ಎಂದು ಕೇಳಿದ್ದೀರಿ.

ನೀವೇ ಹೊಡೆಯಬಹುದು. ಆದರೆ ಚೌತಿಗೆ ಬೇಡ, ದೀಪಾವಳಿಗೆ ಇಟ್ಟುಕೊಳ್ಳಿ. ಚೌತಿ ಹೊತ್ತಿಗೆ ಇಲ್ಲಿ ಮಳೆ ಬಿಟ್ಟಿರುವುದಿಲ್ಲ, ಹೊರಗೋಡೆ ನೀರು ಕುಡಿದು ಕೂತಿರುತ್ತದೆ. ಅದರ ಒಳಮೈಗೆ ಎಂಥ ದುಬಾರಿ ಎಮಲ್ಷನ್ ಹಚ್ಚಿದರೂ ಗುಳ್ಳೆ ಏಳುತ್ತದೆ, ಇಲ್ಲವೇ ಬಿಳಿ ಉಪ್ಪು ಹೊರಗೆ ಬರುತ್ತದೆ. ಅನುಮಾನವಿದ್ದರೆ ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ಗೋಡೆಗೆ ಅಂಟಿಸಿ, 24 ಗಂಟೆ ಬಿಡಿ. ಹಾಳೆಯ ಒಳಗಡೆ ಬೆವರು ಕಂಡರೆ ಗೋಡೆ ಇನ್ನೂ ಹಸಿ.

ಮೆಷಿನ್ ಪ್ಲಗ್‌ಗೆ ಹಾಕುವ ಮೊದಲು ಅದರ ಮೈಮೇಲಿನ ಪಟ್ಟಿ ಓದಿ. ಅಮೆರಿಕದ ಮಾಲು ಸಾಮಾನ್ಯವಾಗಿ 120 ವೋಲ್ಟ್‌ನದು, ನಮ್ಮ ಸಾಕೆಟ್‌ನಲ್ಲಿ ಬರುವುದು 230. ಪಿನ್ ಬದಲಿಸುವ ಅಡಾಪ್ಟರ್ ವೋಲ್ಟೇಜ್ ಇಳಿಸುವುದಿಲ್ಲ, ಮೋಟರ್ ಸುಟ್ಟುಹೋಗುತ್ತದೆ. ಮೆಷಿನ್‌ನ ವ್ಯಾಟ್‌ಗಿಂತ ಹೆಚ್ಚು ತಾಳುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ಇನ್ನೊಂದು ವಿಷಯ, ಇದರ ರೋಲರ್ ಕವರ್ ಬೇರೆಯೇ ಇರುತ್ತದೆ. ಪೈಪಿನಲ್ಲಿ ಬಂದ ಬಣ್ಣ ಕೊಳವೆಯ ಸಣ್ಣ ತೂತುಗಳಿಂದ ಒಳಗಿನಿಂದಲೇ ಹೊರಗೆ ಬರಬೇಕಲ್ಲ. ಬಣ್ಣದಂಗಡಿಯ ಮಾಮೂಲಿ 9 ಇಂಚಿನ ಕವರ್ ಹಾಕಿದರೆ ಕೆಲಸ ಆಗದು. ಬಿಡಿ ಕವರ್ ಒಂದಾದರೂ ಇದೆಯೇ ಎಂದು ಈಗಲೇ ನೋಡಿಕೊಳ್ಳಿ.

ಗೋಡೆಯ ಕೆಲಸದಲ್ಲಿ ಮಾತ್ರ ಅವಸರ ಮಾಡಬೇಡಿ. ಒದ್ದೆ ಬೆರಳಿನಿಂದ ಉಜ್ಜಿದಾಗ ಬಣ್ಣ ಸುಣ್ಣದಂತೆ ಬೆರಳಿಗೆ ಬಂದರೆ ಅದು ಹಳೆ ಡಿಸ್ಟೆಂಪರ್. ಅದನ್ನು ನೆನೆಸಿ ಕೆರೆದು ತೆಗೆಯಲೇಬೇಕು, ಇಲ್ಲದಿದ್ದರೆ ರೋಲರ್ ತಿರುಗಿದ ಕಡೆಯೆಲ್ಲ ಹಕ್ಕಳೆ ಎದ್ದು ರೋಲರ್‌ಗೇ ಸುತ್ತಿಕೊಳ್ಳುತ್ತದೆ. ಹಳೇ ಬಿಲ್ಡಿಂಗ್‌ನಲ್ಲಿ ಹೊಳೆಯುವ ಆಯಿಲ್ ಪೇಂಟ್ ಇದ್ದರೆ ಒಣಗಿದ್ದಾಗ ಉಜ್ಜಬೇಡಿ, ನೀರು ಹಾಕಿ ಉಜ್ಜಿ, ಮಾಸ್ಕ್ ಕಟ್ಟಿಕೊಳ್ಳಿ. ಮನೆ ಬಣ್ಣದಲ್ಲಿ ಸೀಸಕ್ಕೆ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90) ಮಿತಿ ಹಾಕಿದ ನಿಯಮ ಬಂದದ್ದು 2016ರಲ್ಲಿ, ಅದಕ್ಕೂ ಹಿಂದಿನ ಬಣ್ಣದಲ್ಲಿ ಎಷ್ಟಿದೆಯೋ ಹೇಳಲಾಗದು. ಬಿರುಕು, ಮೊಳೆಯ ತೂತುಗಳಿಗೆ ಪುಟ್ಟಿ ತುಂಬಿ, 220 ನಂಬರಿನ ಉಪ್ಪುಕಾಗದದಿಂದ (ಇಲ್ಲಿ ಅಂಗಡಿಯಲ್ಲಿ ಪಾಲಿಶ್ ಪೇಪರ್ ಅನ್ನಿ) ಉಜ್ಜಿ, ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಪ್ರೈಮರ್ ಕೊಡಿ. ಪುಟ್ಟಿ ಹಾಕಿದ ಜಾಗಕ್ಕೆ ಪ್ರೈಮರ್ ಬಿಟ್ಟರೆ ಅಲ್ಲಿ ಗೋಡೆ ಬಣ್ಣ ಹೀರಿಕೊಂಡು ಮಂಕು ಮಚ್ಚೆ ಉಳಿಯುತ್ತದೆ.

ಬಣ್ಣದ ಲೆಕ್ಕ ಹೀಗೆ. 10×12ರ ಕೋಣೆ, 9 ಅಡಿ ಎತ್ತರ: ಸುತ್ತಳತೆ 44, ಗೋಡೆ 396 ಚದರಡಿ. ಬಾಗಿಲಿನ 21, ಕಿಟಕಿಯ 16 ಕಳೆದರೆ 359. ಲೀಟರಿಗೆ ಎರಡು ಕೋಟ್‌ನಲ್ಲಿ 120 ಚದರಡಿ ಹಿಡಿದರೆ 3 ಲೀಟರ್. ಇದರ ಮೇಲೆ ಪೈಪಿನ ಪಾಲು: ಒಳಗಡೆ 1 ಸೆಂ.ಮೀ. ಅಗಲದ 5 ಮೀಟರ್ ಪೈಪಿನಲ್ಲೇ ಸುಮಾರು 400 ಮಿ.ಲೀ. ನಿಂತಿರುತ್ತದೆ. ಆದ್ದರಿಂದ ಕೋಣೆಗೊಂದು 4 ಲೀಟರ್ ಡಬ್ಬ. ಎಲ್ಲ ಕೋಣೆಗೂ ಒಂದೇ ಬಣ್ಣವಾದರೆ ಡಬ್ಬಗಳನ್ನೆಲ್ಲ ದೊಡ್ಡ ಬಕೆಟ್‌ಗೆ ಸುರಿದು ಕಲಸಿಕೊಳ್ಳಿ, ಶೇಡ್ ವ್ಯತ್ಯಾಸ ಬರುವುದಿಲ್ಲ. ಕೋಣೆಗೊಂದು ಬಣ್ಣ ಎನ್ನುವುದಾದರೆ ಈ ಮೆಷಿನ್ ಬೇಡವೇ ಬೇಡ ಎನ್ನುತ್ತೇನೆ. ಪ್ರತಿ ಬಣ್ಣಕ್ಕೂ ಪಂಪು, ಪೈಪು ತೊಳೆಯುವುದರಲ್ಲೇ ದಿನ ಮುಗಿಯುತ್ತದೆ, ಸಾದಾ ರೋಲರ್ ಮತ್ತು ಟ್ರೇ ಬೇಗ ಮುಗಿಸುತ್ತವೆ.

ನೀರನ್ನು ಡಬ್ಬದ ಮೇಲೆ ಬರೆದಷ್ಟೇ, ಅಳೆದು ಹಾಕಿ. ಗಟ್ಟಿಯಾದರೆ ಪಂಪ್ ಎಳೆಯದು, ತೆಳುವಾದರೆ ಗೋಡೆಯ ಮೇಲೆ ಇಳಿಯುತ್ತದೆ. ಆಮೇಲೆ ನೈಲಾನ್ ಬಟ್ಟೆಯಲ್ಲಿ ಸೋಸಲೇಬೇಕು. ಡಬ್ಬದ ಬಾಯಿಯ ಒಣ ಕೆನೆ ಒಂದು ಚೂರು ಒಳಗೆ ಹೋದರೂ ತೂತು ಮುಚ್ಚಿ, ರೋಲರ್‌ನ ಒಂದು ಕಡೆ ಒಣಗೇ ಉರುಳುತ್ತದೆ.

ಫ್ಯಾನ್ ಆರಿಸಿ. ಆ ಕೋಣೆಯ ಎಂಸಿಬಿ ಇಳಿಸಿ ಸ್ವಿಚ್ ಪ್ಲೇಟ್ ಬಿಚ್ಚಿ, ಮೆಷಿನ್‌ಗೆ ಪಕ್ಕದ ಕೋಣೆಯಿಂದ ಕರೆಂಟ್ ತನ್ನಿ. ಎರಡು ಇಂಚಿನ ಬ್ರಷ್‌ನಿಂದ ಅಂಚಿನ ಕಟಿಂಗ್ ಒಂದು ಗೋಡೆಗೆ ಮಾತ್ರ ಮಾಡಿ, ಅದು ಹಸಿ ಇರುವಾಗಲೇ ರೋಲರ್ ಹಿಡಿಯಿರಿ. ನಾಲ್ಕೂ ಗೋಡೆಯ ಕಟಿಂಗ್ ಮೊದಲೇ ಮುಗಿಸಿದರೆ ಒಣಗಿದ ಅಂಚು ಚೌಕಟ್ಟಿನಂತೆ ಎದ್ದು ಕಾಣುತ್ತದೆ.

ಹಿಡಿಯಲ್ಲಿರುವ, ಬಣ್ಣ ಬಿಡುವ ಗುಂಡಿ ಒತ್ತುವುದಕ್ಕೆ ಕೈ ಪಳಗಬೇಕು. ಎರಡು ಮೂರು ಸೆಕೆಂಡ್ ಒತ್ತಿ ಬಿಟ್ಟು, ಮೂರು ಅಡಿ ಅಗಲದಲ್ಲಿ ಹರಡಿ. ಕಿವಿಗೊಟ್ಟು ಕೇಳಿ: ರೋಲರ್ ಚರ್ ಚರ್ ಎಂದು ಒಣಸದ್ದು ಮಾಡಿದರೆ ಬಣ್ಣ ಸಾಲದು. ತಿರುಗದೆ ಜಾರಿದರೆ ಹೆಚ್ಚಾಯಿತು, ಗುಂಡಿ ಮುಟ್ಟದೆ ಪಕ್ಕಕ್ಕೆ ಎಳೆಯಿರಿ. ಕೊನೆಗೆ ಬಣ್ಣ ಬಿಡದೆ, ಮೇಲಿನಿಂದ ಕೆಳಗೆ ಹಗುರವಾಗಿ ಒಂದೊಂದೇ ಎಳೆತ. ಪೈಪನ್ನು ಹೆಗಲ ಮೇಲೆ ಹಾಕಿಕೊಳ್ಳಿ, ನೆಲದಲ್ಲಿ ಬಿಟ್ಟರೆ ಹಸಿ ಗೋಡೆಯನ್ನು ಒರೆಸಿಬಿಡುತ್ತದೆ. ಬಕೆಟ್‌ನಲ್ಲಿ ಬಣ್ಣ ತಳ ಕಂಡಾಗ ಪಂಪ್ ಗಾಳಿ ಎಳೆದು ರೋಲರ್ ಉಗುಳಲು ಶುರುಮಾಡುತ್ತದೆ, ಅದಕ್ಕೆ ಮುಂಚೆಯೇ ತುಂಬಿಸಿ. ಸೀಲಿಂಗ್‌ಗೆ ನನ್ನ ಮಟ್ಟಿಗೆ ಕೋಲು ಕಟ್ಟಿದ ಸಾದಾ ರೋಲರೇ ಸರಿ.

ಎರಡನೇ ಕೋಟ್ ನಾಲ್ಕು ಗಂಟೆ ಬಿಟ್ಟು. ಊಟಕ್ಕೆ ಏಳುವಾಗ ರೋಲರ್‌ಗೆ ಪ್ಲಾಸ್ಟಿಕ್ ಚೀಲ ಬಿಗಿಯಾಗಿ ಸುತ್ತಿ, ತೂತುಗಳಲ್ಲಿ ಬಣ್ಣ ಒಣಗಿದರೆ ಮತ್ತೆ ಬಿಡಿಸುವುದು ಕಷ್ಟ. ಸಂಜೆ, ಪಂಪಿಗೆ ರಿವರ್ಸ್ ಇದ್ದರೆ ಪೈಪಿನ ಬಣ್ಣವನ್ನು ಬಕೆಟ್‌ಗೆ ವಾಪಸ್ ತನ್ನಿ. ಆಮೇಲೆ ನೀರು ತಿಳಿಯಾಗಿ ಬರುವವರೆಗೆ ಓಡಿಸಿ, ಎರಡು ಮೂರು ಬಕೆಟ್ ಬೇಕಾಗುತ್ತದೆ, ನಲ್ಲಿ ನೀರಿನ ಹೊತ್ತು ನೋಡಿಕೊಂಡು ತುಂಬಿಡಿ. ಮೊದಲ ಬಕೆಟ್‌ನ ಗಟ್ಟಿ ನೀರನ್ನು ಬಾತ್‌ರೂಮಿನ ಜಾಲರಿಗೆ ಸುರಿಯಬೇಡಿ, ರಾತ್ರಿ ಕೂರಲು ಬಿಟ್ಟು ತಳದ ಕೆಸರನ್ನು ಒಣಗಿಸಿ ಕಸಕ್ಕೆ ಹಾಕಿ. ಹಿಡಿಯ ಒಳಗಿನ ರಬ್ಬರ್ ಉಂಗುರಗಳಿಗೆ ಚೂರು ವ್ಯಾಸಲೀನ್ ಸವರಿ ಇಟ್ಟರೆ ಮುಂದಿನ ಸಲ ಸೋರುವುದಿಲ್ಲ.