ನಾನು ಈ ದಂಡಿಗೆ, ಹಕ್ಕಿ ಆ ದಂಡಿಗೆ

ಪ್ರಶ್ನೆ: ನಾನು ಬೀಳಗಿ ಕಡೆಯ ಶಾಲಾ ಮಾಸ್ತರ. ಬರುವ ಮೇ 31ಕ್ಕೆ ನಿವೃತ್ತಿ. ಅಷ್ಟರೊಳಗೆ ಬಾಗಲಕೋಟೆ ಜಿಲ್ಲೆಯಲ್ಲೇ 200 ಜಾತಿಯ ಹಕ್ಕಿ ನೋಡಬೇಕೆಂಬ ಹಟ. 197ಕ್ಕೆ ಬಂದು ನಿಂತಿದೆ. ಜನವರಿಯಲ್ಲಿ ಆಲಮಟ್ಟಿ ಹಿನ್ನೀರಿನ ಈಚೆ, ನಮ್ಮ ಕೊರ್ತಿ ದಂಡೆಯಿಂದ ನೋಡಿದರೆ ಆಚೆ ಕೊಲ್ಹಾರದ ಕೆಸರಲ್ಲಿ ಪಟ್ಟೆತಲೆ ಹೆಬ್ಬಾತುಗಳು! ಗದಗದ ಮಾಗಡಿ ಕೆರೆಯಲ್ಲಿ ಬೇಕಾದಷ್ಟು ನೋಡಿದ್ದೇನೆ, ಇಲ್ಲಿ ಇದೇ ಮೊದಲು. ಆದರೆ ಕೊಲ್ಹಾರ ವಿಜಯಪುರ ಜಿಲ್ಲೆ. ಬರೆದುಕೊಳ್ಳಲಾ? "ಹಕ್ಕಿಗೇನ್ ಜಿಲ್ಲಾ ಗೊತ್ತೇನ್ರೀ" ಅಂತ ಮನೆಯವಳು ನಗುತ್ತಾಳೆ.

ಉತ್ತರ: ಮಾಸ್ತರೇ, ವೈನಿಯವರು ನಗಲಿ ಬಿಡಿ, ಈ ತಕರಾರು ಹಳೆಯದು. ಹಕ್ಕಿ ನೋಡಿದವರು ಲೆಕ್ಕ ದಾಖಲಿಸುವ ಇ-ಬರ್ಡ್ ಜಾಲತಾಣದಲ್ಲಿ ನೋಡಿದವನು ಎಲ್ಲಿ ನಿಂತಿದ್ದ ಅನ್ನೋದೇ ಲೆಕ್ಕ. ಹಾಗಾದರೆ ಹೆಬ್ಬಾತು ನಿಮ್ಮದು. ಅಮೆರಿಕನ್ ಬರ್ಡಿಂಗ್ ಅಸೋಸಿಯೇಷನ್ ನಿಯಮದಲ್ಲಿ ಹಕ್ಕಿಯೇ ಗಡಿಯೊಳಗಿರಬೇಕು. ಆಗ ನಿಮ್ಮದಲ್ಲ. ಯಾವುದನ್ನಾದರೂ ಹಿಡಿಯಿರಿ, ಆದರೆ ಹಿಂದಿನ 197ಕ್ಕೂ ಅದನ್ನೇ ಹಚ್ಚಬೇಕು.

ನಾನು ಹಕ್ಕಿ ಇದ್ದ ಜಾಗವನ್ನೇ ನಂಬುವವನು. ಇದೇ ಹೆಬ್ಬಾತಿಗಾಗಿ ಮೂರು ಮುಂಜಾನೆ ಕೊರ್ತಿಯಲ್ಲಿ ಕಾದಿದ್ದೇನೆ, ಒಂದಾದರೂ ಈಚೆ ಹಾರಲಿ ಅಂತ. ಸೇತುವೆ ಮೇಲೆ ಲಾರಿ ಹೋದಾಗಲೆಲ್ಲ ಕೈಯಲ್ಲಿನ ದುರ್ಬೀನು ನಡುಗುತ್ತಿತ್ತು. ಬರಲಿಲ್ಲ. ಬರೆಯಲಿಲ್ಲ.

ಆದರೆ ನಾನೇನು ಸಾಚಾ ಅಲ್ಲ. ಒಮ್ಮೆ ಬಿಳಿಜೋಳದ ಹೊಲದ ಮೇಲೆ ಕಂದು ಸೆಳೆವವೊಂದು (ಹ್ಯಾರಿಯರ್ ಅನ್ನೋ ಬೇಟೆಹಕ್ಕಿ) ತೇಲಿ ಹೋಯಿತು. ಬಾಲದ ಬುಡದಲ್ಲಿ ಬಿಳಿ. ಹೆಣ್ಣು ಪ್ಯಾಲಿಡ್ ಹ್ಯಾರಿಯರ್ ಅಂತ ಬರೆದುಬಿಟ್ಟೆ. ಹೆಣ್ಣು ಮೊಂಟೇಗು ಹ್ಯಾರಿಯರ್ ಕೂಡ ದೂರದಿಂದ ಹಾಗೇ ಕಾಣುತ್ತೆ. ಕತ್ತಿನ ಸುತ್ತ ತಿಳಿಬಣ್ಣದ ಪಟ್ಟಿ ಇದೆಯಾ ಅಂತ ನೋಡಬೇಕಿತ್ತು. ನೋಡಿರಲಿಲ್ಲ, ಸುಮ್ನೆ ಆಸೆ. ಎರಡು ವರ್ಷ ಚುಚ್ಚಿತು. ಕೊನೆಗೆ ಕೆಂಪು ಪೆನ್ನಿನಿಂದ ಹೊಡೆದು ಹಾಕಿದೆ. ನಿಮ್ಮ 197ರಲ್ಲೂ ಅಂಥದ್ದೊಂದು ಇದ್ದರೆ ಮೊದಲು ಅದನ್ನು ನೋಡಿ.

ಕಾಗದದ ಜತೆ ಕಳಿಸಿದ ಪಟ್ಟಿ ಓದಿದೆ. ಬರೀ ಆಲಮಟ್ಟಿ ಹಿನ್ನೀರು, ಬರೀ ಚಳಿಗಾಲ. ರಾತ್ರಿ ಹಕ್ಕಿ ಅಂದರೆ ಹಾಲಕ್ಕಿ ಒಂದೇ! ಕತ್ತಲಾದ ಮೇಲೆ ಯಡಹಳ್ಳಿ ಕಡೆಯ ಕುರುಚಲು ನೆಲದ ರಸ್ತೆಯಲ್ಲಿ ಬೈಕ್ ನಿಧಾನ ಓಡಿಸಿ. ಹೆಡ್‌ಲೈಟಿಗೆ ರಸ್ತೆ ನಡುವೆ ಕೆಂಡದಂತೆ ಕಣ್ಣು ಹೊಳೆದರೆ ಅದು ನತ್ತಿಂಗ (ನೈಟ್‌ಜಾರ್). ಬಂಡಿ ಆಫ್ ಮಾಡಿ ಕಿವಿಗೊಡಿ. ಶಹಾಬಾದ್ ಹಾಸಿನ ಮೇಲೆ ಗೋಲಿ ಬಿದ್ದು, ಪುಟಿದು, ಪುಟಿತ ಚಿಕ್ಕದಾಗುತ್ತಾ ಹೋದಂಥ ಸದ್ದು. ದನಿ ಗುರುತಿಸಿದರೂ ಲೆಕ್ಕಕ್ಕೆ ಬರುತ್ತೆ. ಈ ಮಾತಿಗೆ ಇ-ಬರ್ಡ್, ಅಸೋಸಿಯೇಷನ್ ಎರಡೂ ಕಡೆಯವರು ಒಪ್ಪುತ್ತಾರೆ.

ಇನ್ನು ಚಾತಕ. ತಲೆ ಮೇಲೆ ಜುಟ್ಟು, ಮೈ ಕಪ್ಪು-ಬಿಳಿ. ಮುಂಗಾರು ಗಾಳಿಯ ಜತೆ ಆಫ್ರಿಕಾದಿಂದ ಬಂದು ನಮ್ಮ ಜಾಲಿ ಗಿಡದಲ್ಲಿ ಕೂಗುತ್ತೆ. ಇಷ್ಟು ವರ್ಷ ನಿಮಗೆ ತಪ್ಪಿದ್ದೇಕೆ ಗೊತ್ತಾ? ಜೂನ್ ಅಂದರೆ ಶಾಲೆ ಶುರು, ದಾಖಲಾತಿ ಗಡಿಬಿಡಿ, ಅಲ್ವಾ? ಚಾತಕ ನಿಮ್ಮ ಮೇ 31ರೊಳಗೆ ಬರುತ್ತೆ ಅನ್ನೋ ಖಾತರಿ ಇಲ್ಲ. ಗಡುವನ್ನು ಹದಿನೈದು ದಿನ ಮುಂದಕ್ಕೆ ಎಳೆಯಿರಿ. ಈ ಜೂನ್‌ನಲ್ಲಿ ನಿಮ್ಮನ್ನು ಗಂಟೆ ಹೊಡೆದು ಒಳಗೆ ಕರೆಯುವವರು ಯಾರೂ ಇರುವುದಿಲ್ಲ.