ಹೋಗುವ ಕೀ ಗೊತ್ತುಂಟು, ವಾಪಸ್ ಬರುವ ಕೀ ಯಾವುದು?

ಈ ತಿಂಗಳು ಬಂದ ಪ್ರಶ್ನೆಗಳಲ್ಲಿ ನಾಲ್ಕು ಹೆಚ್ಚುಕಮ್ಮಿ ಒಂದೇ ವಿಷಯದ್ದು, ಕೋಡ್ ಬರೆಯುವ ಎಡಿಟರಲ್ಲಿ (ಎಕ್ಲಿಪ್ಸ್, ವಿಎಸ್ ಕೋಡ್, ವಿಮ್ ಅಂಥವು) ಕೀಬೋರ್ಡ್ ಶಾರ್ಟ್‌ಕಟ್ ನಮಗೆ ಬೇಕಾದ ಹಾಗೆ ಮಾಡಿಕೊಳ್ಳುವುದು. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ಸಲಕ್ಕೆ ಇಟ್ಟು ಇವತ್ತು ಇದನ್ನೇ ತಗೊಂಡಿದ್ದೇನೆ.

ಪ್ರಶ್ನೆ: ಅಕ್ಕ, ನಾನು ಕಾಲೇಜಲ್ಲಿ ಜಾವಾ ಕಲಿತದ್ದು ಎಕ್ಲಿಪ್ಸಲ್ಲಿ. ಈಗ ಮಂಗಳೂರಲ್ಲಿ ಕೆಲಸಕ್ಕೆ ಸೇರಿ ಎರಡು ತಿಂಗಳಾಯ್ತು, ಇಲ್ಲಿ ಎಲ್ರೂ ವಿಎಸ್ ಕೋಡ್. ಎಫ್3 ಒತ್ತಿ ಡೆಫಿನಿಷನ್‌ಗೆ (ಆ ಹೆಸರಿನ ಫಂಕ್ಷನ್, ಅಂದ್ರೆ ಕೋಡಿನ ತುಂಡು, ಬರೆದ ಜಾಗಕ್ಕೆ) ಹೋಗಿ ಅಭ್ಯಾಸ ನಂಗೆ, ಇಲ್ಲಿ ಅದಕ್ಕೆ ಎಫ್12 ಅಂತೆ, ನನ್ನ ಲ್ಯಾಪ್‌ಟಾಪಲ್ಲಿ ಎಫ್12 ಒತ್ತಿದ್ರೆ ಸೌಂಡ್ ಜಾಸ್ತಿ ಆಗ್ತದೆ. ಮೌಸ್ ಹಿಡ್ಕೊಂಡು ಫೈಲಿಂದ ಫೈಲಿಗೆ ಹೋಗಿ ಹೋಗಿ ಸಂಜೆಗೆ ಕೈ ನೋವು, ಅರ್ಧ ಸಲ ಎಲ್ಲಿಂದ ಹೊರಟದ್ದು ಅಂತಲೇ ಮರೆತು ಹೋಗ್ತದೆ. ಎಲ್ಲ ಶಾರ್ಟ್‌ಕಟ್ ಎಕ್ಲಿಪ್ಸ್ ತರ ಮಾಡಿಬಿಡ್ಲಾ?
ಓದುಗ, ಕಟಪಾಡಿ

ಉತ್ತರ: ಎಲ್ಲ ಬದಲಾಯಿಸ್ಬೇಡಿ ಮಾರಾಯ್ರೆ. ಎಕ್ಲಿಪ್ಸ್ ಕೀಮ್ಯಾಪ್ ಅಂತ ಎಡಿಟರಿಗೆ ಸೇರಿಸುವ ಎಕ್ಸ್‌ಟೆನ್ಶನ್ ಸಿಗ್ತದೆ, ಹಾಕಿದ್ರೆ ಒಂದೇ ಏಟಿಗೆ ಹಳೇ ಕೀಗಳು ಬರ್ತವೆ, ಆದ್ರೆ ನಿಮ್ಮ ಸೀನಿಯರ್ ಪಕ್ಕದಲ್ಲಿ ಕೂತು ಇದು ಒತ್ತು ಅದು ಒತ್ತು ಅಂತ ಹೇಳಿಕೊಡುವಾಗ ಅವ್ರ ಕೀ ಒಂದು ನಿಮ್ಮ ಕೀ ಒಂದು ಆಗ್ತದೆ, ಕೆಲಸಕ್ಕೆ ಸೇರಿದ ಹೊಸದರಲ್ಲಿ ಅದು ದೊಡ್ಡ ನಷ್ಟ. ಎರಡು ಮೂರು ಬದಲಾಯಿಸಿ, ಉಳಿದದ್ದು ಇದ್ದ ಹಾಗೇ ಕಲೀರಿ.

ಮೊದಲು ಆ ಸೌಂಡಿನ ವಿಷಯ. ಅದು ಎಡಿಟರ್‌ನ ತಪ್ಪಲ್ಲ, ಲ್ಯಾಪ್‌ಟಾಪಿನ ಮೇಲಿನ ಸಾಲಿನ ಕೀಗಳು ಸೌಂಡ್, ಬ್ರೈಟ್‌ನೆಸ್ ಕೆಲಸಕ್ಕೆ ಸೆಟ್ ಆಗಿ ಬಂದಿರ್ತವೆ. ಎಫ್ಎನ್ ಹಿಡಿದು ಎಫ್12 ಒತ್ತಿ ನೋಡಿ, ಡೆಫಿನಿಷನ್ ಬರ್ತದೆ. ಎಸ್ಕೇಪ್ ಕೀ ಮೇಲೆ ಸಣ್ಣ ಬೀಗದ ಚಿತ್ರ ಉಂಟಾ ಅಂತ ನೋಡಿ, ಇದ್ರೆ ಎಫ್ಎನ್ ಮತ್ತು ಎಸ್ಕೇಪ್ ಒಟ್ಟಿಗೆ ಒತ್ತಿದ್ರೆ ಖಾಯಂ ಬದಲಾಗ್ತದೆ. ಇಲ್ಲದಿದ್ರೆ ಕೆಲವು ಲ್ಯಾಪ್‌ಟಾಪಲ್ಲಿ ಅದು ಕಂಪ್ಯೂಟರ್ ಆನ್ ಆಗುವಾಗ ತೆರೆಯುವ ಬಯೋಸ್ ಸೆಟ್ಟಿಂಗಲ್ಲಿ ಇರ್ತದೆ, ಆಫೀಸಿನ ಲ್ಯಾಪ್‌ಟಾಪ್ ಆದ್ರೆ ಐಟಿಯವ್ರಿಗೆ ಹೇಳಿ ಮಾಡಿಸಿ.

ಆದ್ರೆ ನಿಮ್ಮ ಪತ್ರದಲ್ಲಿ ನಂಗೆ ಮುಖ್ಯ ಅನಿಸಿದ್ದು ಎಫ್12 ಅಲ್ಲ, ಎಲ್ಲಿಂದ ಹೊರಟದ್ದು ಅಂತ ಮರೆತು ಹೋಗ್ತದೆ ಅಂದ್ರಲ್ಲ, ಅದು. ಒಂದು ಉದಾಹರಣೆ ನೋಡುವ. ಮಲ್ಪೆಯಿಂದ ಮೀನು ಕಳಿಸುವವರ ಬಿಲ್ಲಿಂಗ್ ಸಾಫ್ಟ್‌ವೇರ್ ಅಂತ ಇಟ್ಕೊಳ್ಳಿ, ಬಿಲ್ಲಿನ ಟೋಟಲ್ ತಪ್ಪು ಬರ್ತಾ ಉಂಟು. ಟೋಟಲ್ ಮಾಡುವ ಫಂಕ್ಷನ್ ಹೆಸರಿನ ಮೇಲೆ ಕರ್ಸರ್ ಇಟ್ಟು ಎಫ್12, ಅಲ್ಲಿ ಹೋಗಿ ನೋಡಿದ್ರೆ ಅದು ತೂಕದ ಫಂಕ್ಷನನ್ನು ಕರೀತದೆ, ಅದರ ಮೇಲೆ ಎಫ್12, ಅದು ಇನ್ನೊಂದು ಫೈಲಲ್ಲಿ ಐಸಿನ ತೂಕ ಕಳೀತದೆ, ಅಲ್ಲಿಂದ ಇನ್ನೊಂದು ಎಫ್12, ಈಗ ಮೂರು ಫೈಲ್ ದಾಟಿ ಬಂದಾಯ್ತು, ಮೇಲೆ ಟ್ಯಾಬ್ ಸಾಲುಸಾಲಾಗಿ ನಿಂತಿದ್ದಾವೆ, ಯಾವ ಟ್ಯಾಬಿನ ಯಾವ ಲೈನಲ್ಲಿ ಇದ್ದೆ ಅಂತ ಹುಡುಕ್ಲಿಕ್ಕೆ ಶುರು. ಉಡುಪಿಯಿಂದ ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿಗೆ ಬರುವ ಬಸ್ ಗೊತ್ತುಂಟು, ವಾಪಸ್ ಹೋಗುವ ಬಸ್ ಎಲ್ಲಿ ನಿಲ್ತದೆ ಗೊತ್ತಿಲ್ಲ ಅಂದ್ರೆ ಹೇಗೆ, ಹಾಗೆ. ವಿಂಡೋಸಲ್ಲಿ ಆಲ್ಟ್ ಹಿಡಿದು ಎಡದ ಬಾಣದ ಕೀ ಒತ್ತಿ. ಒಂದು ಸಲ ಒತ್ತಿದ್ರೆ ಐಸಿನ ಫೈಲ್, ಇನ್ನೊಂದು ಸಲ ಟೋಟಲಿನ ಫಂಕ್ಷನ್, ಮತ್ತೊಂದು ಸಲ ಒತ್ತಿದ್ರೆ ಹೊರಟ ಲೈನಿಗೇ ಕರ್ಸರ್ ಬಂದು ಕೂರ್ತದೆ. ಇದಕ್ಕೆ ಗೋ ಬ್ಯಾಕ್ ಅಂತ ಹೆಸರು. ಲಿನಕ್ಸಲ್ಲಿ ಕಂಟ್ರೋಲ್ ಆಲ್ಟ್ ಮೈನಸ್, ಮ್ಯಾಕಲ್ಲಿ ಕಂಟ್ರೋಲ್ ಮೈನಸ್. ಈ ಒಂದು ಕೀ ಕೈಗೆ ಕೂತ್ರೆ ಎಷ್ಟು ಆಳಕ್ಕೆ ಬೇಕಾದ್ರೂ ಇಳೀಲಿಕ್ಕೆ ಧೈರ್ಯ ಬರ್ತದೆ, ಕೋಡ್ ಓದುವ ಹೆದರಿಕೆಯೇ ಅರ್ಧ ಕಡಿಮೆ ಆಗ್ತದೆ, ಇದು ನಾನು ಹೊಸಬರಿಗೆಲ್ಲ ಮೊದಲ ದಿನವೇ ಹೇಳುವ ಮಾತು.

ಇಣುಕಿ ನೋಡಿದ್ರೆ ಸಾಕು, ಹೋಗುವುದು ಬೇಡ ಅಂತಿದ್ರೆ ಆಲ್ಟ್ ಎಫ್12, ಇದ್ದ ಜಾಗದಲ್ಲೇ ಸಣ್ಣ ಕಿಟಕಿ ತೆರೀತದೆ, ಎಸ್ಕೇಪ್ ಒತ್ತಿದ್ರೆ ಮುಚ್ತದೆ. ಈ ಫಂಕ್ಷನನ್ನು ಯಾರೆಲ್ಲ ಕರೀತಾರೆ ಅಂತ ನೋಡ್ಲಿಕ್ಕೆ ಶಿಫ್ಟ್ ಎಫ್12. ಅದೇ ಫೈಲಿನ ಒಳಗಿನ ಫಂಕ್ಷನ್ ಪಟ್ಟಿಗೆ ಕಂಟ್ರೋಲ್ ಶಿಫ್ಟ್ ಓ, ಫೈಲ್ ಹೆಸರು ಗೊತ್ತಿದ್ರೆ ಕಂಟ್ರೋಲ್ ಪಿ.

ಈಗ ಬದಲಾಯಿಸುವುದು ಹೇಗೆ. ಕಂಟ್ರೋಲ್ ಕೆ ಒತ್ತಿ, ಬಿಟ್ಟು, ಕಂಟ್ರೋಲ್ ಎಸ್ ಒತ್ತಿ. ಶಾರ್ಟ್‌ಕಟ್‌ಗಳ ದೊಡ್ಡ ಪಟ್ಟಿ ಬರ್ತದೆ. ಮೇಲೆ ಗೋ ಟು ಡೆಫಿನಿಷನ್ ಅಂತ ಟೈಪ್ ಮಾಡಿ ಆ ಸಾಲಿನ ಮೇಲೆ ಎರಡು ಸಲ ಕ್ಲಿಕ್ ಮಾಡಿ, ಬೇಕಾದ ಕೀ ಒತ್ತಿ, ಎಂಟರ್. ಎಂಟರ್ ಒತ್ತುವ ಮೊದಲು ಆ ಡಬ್ಬದ ಕೆಳಗೆ ನೋಡಿ, ಅದೇ ಕೀ ಬೇರೆ ಕಮಾಂಡಿಗೂ ಇದ್ರೆ ಎಷ್ಟಕ್ಕೆ ಉಂಟು ಅಂತ ತೋರಿಸ್ತದೆ, ಅದನ್ನು ಕ್ಲಿಕ್ ಮಾಡಿದ್ರೆ ಯಾವುದು ಅಂತಲೂ ಗೊತ್ತಾಗ್ತದೆ. ನಿಮ್ಮ ಎಫ್3 ಇಲ್ಲಿ ಹುಡುಕಿದ ಪದದ ಮುಂದಿನ ಜಾಗಕ್ಕೆ ಹೋಗುವ ಕೀ, ಅದನ್ನು ಕಿತ್ಕೊಂಡ್ರೆ ನಾಳೆ ಅದೇ ಬೇಕಾಗ್ತದೆ. ಅದಕ್ಕಿಂತ ಆಲ್ಟ್ ಡಿ ನೋಡಿ, ಹೆಬ್ಬೆರಳು ಆಲ್ಟ್ ಮೇಲೆ, ನಡುಬೆರಳು ಡಿ ಮೇಲೆ ಮೊದಲೇ ಇರ್ತದೆ, ಕೈ ಎತ್ತುವುದೇ ಬೇಡ. ಆಲ್ಟ್ ಜೊತೆ ಎಫ್, ಇ, ಎಸ್, ವಿ, ಜಿ, ಆರ್, ಟಿ, ಎಚ್ ಮಾತ್ರ ಬೇಡ, ಅವು ವಿಂಡೋಸಲ್ಲಿ ಮೇಲಿನ ಮೆನು ತೆರೀಲಿಕ್ಕೆ ಇರುವುದು. ಏನಾದ್ರೂ ಎಡವಟ್ಟಾದ್ರೆ ಸಾಲಿನ ಮೇಲೆ ರೈಟ್ ಕ್ಲಿಕ್ ಮಾಡಿ ರೀಸೆಟ್ ಕೀಬೈಂಡಿಂಗ್ ಅಂತ ಕೊಡಿ, ಮೊದಲಿನ ಹಾಗೆ ಆಗ್ತದೆ.

ಪ್ರಶ್ನೆ: ಫ್ರೆಂಡ್ ಕಳಿಸಿದ ಕೀಬೈಂಡಿಂಗ್ಸ್ ಫೈಲನ್ನು (ಶಾರ್ಟ್‌ಕಟ್ ಬರೆದಿಡುವ ಫೈಲ್) ನನ್ನ ಫೈಲಿಗೆ ಪೂರ್ತಿ ಪೇಸ್ಟ್ ಮಾಡಿದೆ. ಈಗ ನಾನು ಹಾಕಿದ ಕೀ ಒಮ್ಮೆ ಕೆಲಸ ಮಾಡ್ತದೆ ಒಮ್ಮೆ ಇಲ್ಲ, ಕೆಲವು ಫೈಲಲ್ಲಂತೂ ಡೆಫಿನಿಷನ್ ಸಿಗ್ಲಿಲ್ಲ ಅಂತ ಬರ್ತದೆ. ಎಂತ ಮಾಡುವುದು?
ಓದುಗಿ, ಬಿಜೈ

ಉತ್ತರ: ಇಲ್ಲಿ ಎರಡು ಬೇರೆ ಬೇರೆ ತೊಂದರೆ ಸೇರಿಕೊಂಡಿದ್ದಾವೆ. ಎಡಿಟರ್ ಆ ಫೈಲಿನ ಸಾಲುಗಳನ್ನು ಕೆಳಗಿಂದ ಮೇಲೆ ನೋಡ್ತಾ ಬರ್ತದೆ, ಕೀಯೂ ಹೊಂದಿ ವೆನ್ ಅಂತ ಬರೆದ ಷರತ್ತೂ ಹೊಂದುವ ಮೊದಲ ಸಾಲು ಸಿಕ್ಕಿದ ಕೂಡ್ಲೇ ಅದನ್ನೇ ನಡೆಸ್ತದೆ. ನೀವು ಫ್ರೆಂಡಿನದ್ದನ್ನು ಕೆಳಗೆ ಅಂಟಿಸಿದ್ದೀರಿ, ಅಂದ್ರೆ ಅವ್ರ ಸಾಲಿನ ಷರತ್ತು ಹೊಂದಿದಾಗ ಅವ್ರದ್ದು ಗೆಲ್ತದೆ, ಹೊಂದದಿದ್ದಾಗ ನಿಮ್ದು, ಅದಕ್ಕೇ ಒಮ್ಮೆ ಹೀಗೆ ಒಮ್ಮೆ ಹಾಗೆ. ನಿಮ್ಮ ಸಾಲನ್ನು ಕೊನೆಗೆ ತನ್ನಿ, ಇಲ್ಲದಿದ್ರೆ ಅವ್ರದ್ದು ತೆಗೀರಿ. ಕಮಾಂಡಿನ ಹೆಸರಿನ ಮೊದಲು ಮೈನಸ್ ಇರುವ ಸಾಲು ಕಂಡ್ರೆ ಅದು ಆ ಕಮಾಂಡಿನ ಕೀ ತೆಗೆದುಹಾಕುವ ಸಾಲು, ಗಾಬರಿ ಬೇಡ.

ಊಹೆ ಮಾಡ್ತಾ ಕೂರುವುದಕ್ಕಿಂತ ಒಂದು ಒಳ್ಳೆ ದಾರಿ ಉಂಟು, ಕಂಟ್ರೋಲ್ ಶಿಫ್ಟ್ ಪಿ ಒತ್ತಿ ಟಾಗಲ್ ಕೀಬೋರ್ಡ್ ಶಾರ್ಟ್‌ಕಟ್ಸ್ ಟ್ರಬಲ್‌ಶೂಟಿಂಗ್ ಅಂತ ಹುಡುಕಿ ಆನ್ ಮಾಡಿ, ಆಮೇಲೆ ನಿಮ್ಮ ಕೀ ಒತ್ತಿ. ಕೆಳಗೆ ಔಟ್‌ಪುಟಲ್ಲಿ ಯಾವ ಕೀ ಬಂತು, ಯಾವ ಕಮಾಂಡ್ ಓಡಿತು ಅಂತ ಒಂದೊಂದೇ ಸಾಲು ಬೀಳ್ತದೆ. ಏನೂ ಬೀಳದಿದ್ರೆ ನಿಮ್ಮ ಕೀ ಎಡಿಟರ್‌ವರೆಗೆ ಬರ್ಲೇ ಇಲ್ಲ, ಸ್ಕ್ರೀನ್ ರೆಕಾರ್ಡ್ ಮಾಡುವಂಥ ಬೇರೆ ಯಾವ್ದೋ ಸಾಫ್ಟ್‌ವೇರ್ ದಾರಿಯಲ್ಲೇ ಹಿಡ್ಕೊಂಡಿದೆ.

ಡೆಫಿನಿಷನ್ ಸಿಗ್ಲಿಲ್ಲ ಅಂತ ಬಂದ್ರೆ ಕೀ ಸರಿಯಾಗಿಯೇ ಉಂಟು ಅಂತ ಅರ್ಥ. ಆ ಭಾಷೆಯ ಎಕ್ಸ್‌ಟೆನ್ಶನ್ ಹಾಕಿದ್ದೀರಾ ನೋಡಿ, ಒಂದು ಫೈಲ್ ಮಾತ್ರ ತೆರೆದಿದ್ರೆ ಅದು ಬಿಟ್ಟು ಪ್ರಾಜೆಕ್ಟಿನ ಪೂರ್ತಿ ಫೋಲ್ಡರ್ ತೆರೀರಿ, ಜಾವಾದ್ದಾದ್ರೆ ತೆರೆದ ಕೂಡ್ಲೇ ಒತ್ತದೆ ಅದು ಪ್ರಾಜೆಕ್ಟನ್ನೆಲ್ಲ ಓದಿ ಮುಗಿಸುವವರೆಗೆ ಸ್ವಲ್ಪ ಕಾಯಿರಿ.

ಪ್ರಶ್ನೆ: ನಾನು ಇಂಜಿನಿಯರಿಂಗ್ ಮೂರನೇ ವರ್ಷ. ಸೀನಿಯರ್ಸ್ ವಿಮ್ ಕಲಿ ಅಂತಾರೆ, ಅದರಲ್ಲಿ ಬಾಣದ ಕೀ ಬಿಟ್ಟು ಎಚ್, ಜೆ, ಕೆ, ಎಲ್ ಯಾಕೆ? ನಂಗೆ ಬೇಕಾದ ಹಾಗೆ ಬದಲಾಯಿಸಬಹುದಾ?
ಓದುಗ, ಸುರತ್ಕಲ್

ಉತ್ತರ: ಒಳ್ಳೆ ಪ್ರಶ್ನೆ. ವಿಮ್ ಬಂದದ್ದು 1991ರಲ್ಲಿ, ಬ್ರಾಮ್ ಮೂಲೆನಾರ್ ಮಾಡಿದ್ದು, ಅದಕ್ಕೆ ಮೂಲ ಬಿಲ್ ಜಾಯ್ 1976ರಲ್ಲಿ ಬರೆದ ವಿಐ ಅನ್ನುವ ಎಡಿಟರ್. ಜಾಯ್ ಅವ್ರ ಹತ್ರ ಇದ್ದದ್ದು ಎಡಿಎಂ-3ಎ ಅನ್ನುವ ಟರ್ಮಿನಲ್ (ದೊಡ್ಡ ಕಂಪ್ಯೂಟರಿಗೆ ಜೋಡಿಸುವ ಪರದೆ ಮತ್ತು ಕೀಬೋರ್ಡ್), ಅದರಲ್ಲಿ ಬಾಣಕ್ಕೆ ಬೇರೆ ಕೀಗಳೇ ಇರ್ಲಿಲ್ಲ, ಎಚ್ ಜೆ ಕೆ ಎಲ್ ಕೀಗಳ ಮೇಲೆಯೇ ಬಾಣದ ಗುರುತು ಇತ್ತು. ಎಸ್ಕೇಪ್ ಕೀ ಇದ್ದದ್ದು ಈಗ ಟ್ಯಾಬ್ ಇರುವ ಜಾಗದಲ್ಲಿ, ಹಾಗಾಗಿ ಅದನ್ನು ಪದೇ ಪದೇ ಒತ್ತುವುದು ಅವ್ರಿಗೆ ಕಷ್ಟ ಆಗ್ಲಿಲ್ಲ, ನಮಗೆ ಆಗ್ತದೆ, ಅದಕ್ಕೇ ಬಹಳ ಜನ ಕ್ಯಾಪ್ಸ್ ಲಾಕನ್ನೇ ಎಸ್ಕೇಪ್ ಮಾಡ್ಕೊಳ್ತಾರೆ. ಕೀ ಎಲ್ಲಿರ್ಬೇಕು ಅಂತ ಒಬ್ರು ಕೂತು ಯೋಚಿಸಿದ್ದನ್ನು ನೋಡ್ಲಿಕ್ಕೆ ದೂರ ಹೋಗ್ಬೇಕಾಗಿಲ್ಲ, ನಮ್ಮ ಕಿನ್ನಿಕಂಬಳದ ಕೆ.ಪಿ. ರಾವ್ ಅವ್ರು ಕನ್ನಡದ ಅಷ್ಟೂ ಅಕ್ಷರಗಳನ್ನು ಇಂಗ್ಲಿಷಿನ 26 ಕೀಗಳಲ್ಲಿ ಕೂರಿಸಿದ್ರು, ಕ ಮತ್ತು ಖ ಒಂದೇ ಕೀಲಿ, ವ್ಯತ್ಯಾಸ ಶಿಫ್ಟ್ ಒಂದೇ. ನುಡಿ ಸಾಫ್ಟ್‌ವೇರಲ್ಲಿ ಕನ್ನಡ ಟೈಪ್ ಮಾಡುವಾಗ ನಾವು ದಿನಾ ಒತ್ತುವುದು ಆ ವಿನ್ಯಾಸವನ್ನೇ.

ವಿಮ್‌ನಲ್ಲಿ ಜಿ ಡಿ ಒತ್ತಿದ್ರೆ ಅದೇ ಫೈಲಿನ ಒಳಗೆ ಆ ಹೆಸರು ಘೋಷಿಸಿದ ಜಾಗಕ್ಕೆ ಹೋಗ್ತದೆ, ಟ್ಯಾಗ್ಸ್ ಫೈಲ್ (ಯಾವ ಹೆಸರು ಯಾವ ಫೈಲಲ್ಲಿ ಅಂತ ಬರೆದ ಪಟ್ಟಿ) ಮಾಡಿಟ್ಟಿದ್ರೆ ಕಂಟ್ರೋಲ್ ಜೊತೆ ಮುಚ್ಚುವ ಚೌಕ ಬ್ರಾಕೆಟ್ ಒತ್ತಿ ಬೇರೆ ಫೈಲಿಗೂ ಹೋಗಬಹುದು. ವಾಪಸ್ ಬರ್ಲಿಕ್ಕೆ ಕಂಟ್ರೋಲ್ ಓ, ಪುನಃ ಮುಂದಕ್ಕೆ ಕಂಟ್ರೋಲ್ ಐ, ಕಟಪಾಡಿಯವ್ರಿಗೆ ಹೇಳಿದ್ದೇ ನಿಮಗೂ, ಮೊದಲು ವಾಪಸ್ ಬರುವುದನ್ನು ಕಲೀರಿ. ಬದಲಾಯಿಸ್ಲಿಕ್ಕೆ ಖಂಡಿತ ಆಗ್ತದೆ, ಆದ್ರೆ ಕೀ ಬದಲಾಯಿಸುವ ಕಮಾಂಡ್ ಬರೆಯುವಾಗ ಎನ್‌ಮ್ಯಾಪ್ ಬದಲು ಎನ್‌ನೋರೀಮ್ಯಾಪ್ ಬರೀರಿ. ಎನ್‌ಮ್ಯಾಪ್ ಹಾಕಿದ್ರೆ ನೀವು ಬರೆದ ಕೀಯೊಳಗೆ ಇನ್ನೊಂದು ಬದಲಾಯಿಸಿದ ಕೀ ಇದ್ರೆ ಅದನ್ನೂ ಬಿಡಿಸ್ತಾ ಹೋಗ್ತದೆ, ಸುತ್ತಿ ಸುತ್ತಿ ಎಲ್ಲಿಗೋ ಮುಟ್ತದೆ, ಎನ್‌ನೋರೀಮ್ಯಾಪ್ ಆದ್ರೆ ಆ ರಗಳೆ ಇಲ್ಲ. ಎಚ್ ಜೆ ಕೆ ಎಲ್ ಮಾತ್ರ ಮುಟ್ಟಬೇಡಿ. ನಾಳೆ ಯಾವ್ದೋ ಲಿನಕ್ಸ್ ಸರ್ವರಿಗೆ ಲಾಗಿನ್ ಆಗಿ ಒಂದು ಫೈಲ್ ತಿದ್ದಬೇಕಾದ್ರೆ ಅಲ್ಲಿ ನಿಮ್ಮ ಸೆಟ್ಟಿಂಗ್ ಇರುವುದಿಲ್ಲ, ವಿಐ ಹೆಚ್ಚಿನ ಕಡೆ ಇದ್ದೇ ಇರ್ತದೆ.

ಪ್ರಶ್ನೆ: ಆಫೀಸಲ್ಲಿ ವಿಂಡೋಸ್, ಮನೆಯಲ್ಲಿ ಮ್ಯಾಕ್. ಎರಡರಲ್ಲೂ ಒಂದೇ ಶಾರ್ಟ್‌ಕಟ್ ಬೇಕು, ಸೆಟ್ಟಿಂಗ್ಸ್ ಸಿಂಕ್ ಹಾಕಿದ್ರೂ ಬರ್ತಾ ಇಲ್ಲ.
ಓದುಗಿ, ಮಣಿಪಾಲ

ಉತ್ತರ: ಅದು ಬೇಕಂತಲೇ ಹಾಗೆ ಇಟ್ಟಿದ್ದಾರೆ. ವಿಎಸ್ ಕೋಡಿನ ಸಿಂಕ್ ಕೀಬೈಂಡಿಂಗ್ಸನ್ನು ಮಾತ್ರ ವಿಂಡೋಸ್, ಮ್ಯಾಕ್, ಲಿನಕ್ಸಿಗೆ ಬೇರೆ ಬೇರೆಯಾಗಿ ಇಟ್ಕೊಳ್ತದೆ, ಸೆಟ್ಟಿಂಗ್ಸಲ್ಲಿ ಕೀಬೈಂಡಿಂಗ್ಸ್ ಪರ್ ಪ್ಲಾಟ್‌ಫಾರ್ಮ್ ಅಂತ ಹುಡುಕಿ ಟಿಕ್ ತೆಗೆದ್ರೆ ಒಂದೇ ಆಗ್ತದೆ. ಆದ್ರೆ ಮ್ಯಾಕಲ್ಲಿ ಆಲ್ಟ್ ಅಂದ್ರೆ ಆಪ್ಷನ್ ಕೀ, ಅದರ ಜೊತೆ ಅಕ್ಷರ ಒತ್ತಿದ್ರೆ ವಿಶೇಷ ಚಿಹ್ನೆ ಟೈಪ್ ಆಗ್ತದೆ, ಆ ಕೀಯನ್ನು ಶಾರ್ಟ್‌ಕಟ್ ಮಾಡಿದ್ರೆ ಆ ಚಿಹ್ನೆ ಕೈತಪ್ತದೆ. ಹಾಗಾಗಿ ನಾನಾದ್ರೆ ಬೇರೆ ಬೇರೆಯೇ ಇಡ್ತೇನೆ, ಮ್ಯಾಕಲ್ಲಿ ಎರಡು ಮೂರು ಕೀ ಕೈಯಾರೆ ಹಾಕ್ಲಿಕ್ಕೆ ಐದು ನಿಮಿಷ ಸಾಕು.